ಹೊಳೆಯಾಚೆಯ ಕಲ್ಲುಸೇತುವೆ

ನಾನು ಕಣ್ಣಾರೆ ನೋಡದ ಒಂದು ಚೀನೀ ಜಿಲ್ಲೆಯ ಗಡಿಗಳು ನನ್ನ ತವರಿನ ತಾಲೂಕಿನ ಗಡಿಗಳಿಗಿಂತ ನನಗೆ ಚೆನ್ನಾಗಿ ಗೊತ್ತು. ಅದರ ಉತ್ತರಕ್ಕೆ ಅಗಲವಾದ ಹೊಳೆ, ದಕ್ಷಿಣಕ್ಕೆ ಭತ್ತದ ಬಯಲು, ಪೂರ್ವದಿಂದ ವರ್ಷವರ್ಷವೂ ಒತ್ತಿಕೊಂಡು ಬರುತ್ತಿರುವ ಒಂದು ಮಹಾನಗರ. ಮೊದಲು ಅದು ಜಿಲ್ಲೆಯಾಗಿರಲಿಲ್ಲ, ಕೌಂಟಿಯಾಗಿತ್ತು. ನಮ್ಮ ಲೆಕ್ಕದಲ್ಲಿ ದೊಡ್ಡದೊಂದು ತಾಲೂಕು ಎನ್ನಬಹುದು. ಹೊಳೆಯ ಎರಡೂ ದಡ ಅದಕ್ಕೇ ಸೇರಿದ್ದವು. ಕಮ್ಯೂನುಗಳ ಕಾಲದಲ್ಲಿ ಆಚೆ ದಡದ ಗುಡ್ಡದ ಹಳ್ಳಿಗಳನ್ನು ಪಕ್ಕದ ಕೌಂಟಿಗೆ ಕೊಟ್ಟರು. ಆಮೇಲೆ ಉಳಿದದ್ದನ್ನು ಇನ್ನೊಂದರ ಜೊತೆ ಕೂಡಿಸಿದರು, ಮತ್ತೆ ಬೇರೆ ಮಾಡಿದರು. ಕೊನೆಗೆ ನಗರ ಬೆಳೆದು ಬಾಗಿಲಿಗೆ ಬಂದಾಗ ಕೌಂಟಿ ಎಂಬ ಹೆಸರು ತೆಗೆದು ನಗರದ ಜಿಲ್ಲೆ ಎಂದು ಕರೆದರು.

ಇದನ್ನೆಲ್ಲ ತಿಳಿದುಕೊಳ್ಳುವುದು ನನ್ನ ಹೊಟ್ಟೆಪಾಡು. ನಾರ್ತ್ ಸಿಡ್ನಿಯ ಒಂದು ಆಫೀಸಿನಲ್ಲಿ ನಾವು ಹಲವು ದೇಶಗಳ ವಿಳಾಸಗಳ ಪಟ್ಟಿಯನ್ನು ಶುದ್ಧವಾಗಿಡುತ್ತೇವೆ. ನನ್ನ ಪಾಲಿಗೆ ಬಂದದ್ದು ಚೀನಾದ ಎರಡು ಪ್ರಾಂತ್ಯ. ನನಗೆ ಚೀನೀ ಭಾಷೆ ಬರುವುದಿಲ್ಲ. ಓದು ಬಾರದವರು ಬಸ್ಸಿನ ಬೋರ್ಡು ಗುರುತು ಹಿಡಿಯುವ ಹಾಗೆ ಒಂದಷ್ಟು ಅಕ್ಷರ ಗುರುತು ಹಿಡಿಯುತ್ತೇನೆ, ಅಷ್ಟೇ. ಹಳೆಯ ಹೆಸರೊಂದು ಬಂದರೆ ಅದರಿಂದ ಇಂದಿನ ಹೆಸರಿಗೆ ಒಂದು ಬಾಣ ಎಳೆಯಬೇಕು. ಒಂದು ಹೆಸರಿಗೆ ಒಂದೇ ಬಾಣ, ಎರಡನ್ನು ನಮ್ಮ ಸಾಫ್ಟ್‌ವೇರ್ ಒಪ್ಪುವುದಿಲ್ಲ. ಕೌಂಟಿ ಒಡೆದು ಎರಡಾಗಿದ್ದರೆ ದೊಡ್ಡ ತುಂಡಿನ ಕಡೆಗೆ ಬಾಣ ಹಾಕಿ ಮುಂದಿನ ಸಾಲಿಗೆ ಹೋಗುವುದು ನಮ್ಮ ರೂಢಿ.

ಆ ಎರಡು ವರ್ಷ ನನಗೆ ಈ ಕೆಲಸ ಹೇಳಿ ಮಾಡಿಸಿದಂತಿತ್ತು. ನಾನೂ ನನ್ನ ಗಂಡನೂ ಬೇರೆಯಾಗಿದ್ದೆವು. ಮೆಲ್ಬರ್ನಿನ ಕ್ಲೈಡ್ ನಾರ್ತ್‌ನ ಮನೆಯಲ್ಲಿ ಅವನೂ ಹದಿನಾರರ ಮಗಳೂ ಉಳಿದರು, ನಾನು ಸಿಡ್ನಿಗೆ ಬಂದು ಎಪ್ಪಿಂಗ್‌ನಲ್ಲಿ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟ್ ರೆಂಟಿಗೆ ಹಿಡಿದೆ. ಜಗಳವಾಗಲಿಲ್ಲ, ಅಳಲಿಲ್ಲ. ಸಾಮಾನು ಹಂಚಿಕೊಳ್ಳುವಾಗ ಕುಕ್ಕರ್ ನಿನಗಿರಲಿ ಎಂದು ಅವನೇ ಅಂದ. ಸ್ನೇಹಿತೆಯರು ಫೋನ್ ಮಾಡಿ ಹೇಗಿದ್ದೀ ಎಂದು ಕೇಳಿದರೆ ಹೇಳಲು ಏನೂ ಸಿಗುತ್ತಿರಲಿಲ್ಲ. ಹಲ್ಲಿನ ಡಾಕ್ಟರು ಮರಗಟ್ಟಿಸಿದ ಮೇಲೆ ತುಟಿ ಮುಟ್ಟಿಕೊಂಡರೆ ಬೇರೆಯವರ ತುಟಿ ಮುಟ್ಟಿದಂತಿರುತ್ತದಲ್ಲ, ಹಾಗಿದ್ದೆ. ಊಟ ಮಾಡುತ್ತಿದ್ದೆ, ಟ್ರೇನ್ ಹಿಡಿಯುತ್ತಿದ್ದೆ, ಬಾಣ ಎಳೆಯುತ್ತಿದ್ದೆ.

ಕೆಳಗಿನ ಮಹಡಿಯ ಮುದುಕರ ಪರಿಚಯವಾದದ್ದು ಲಿಫ್ಟಿನಲ್ಲಿ. ಎಂಬತ್ತೆಂಟು ವರ್ಷದ ಚೀನೀ ಮನುಷ್ಯ, ಹೆಂಡತಿ ತೀರಿಹೋಗಿದ್ದಳು, ಮಗ ಪರ್ತ್‌ನಲ್ಲಿ. ಮನೆಯಿಂದಲೇ ಕೆಲಸ ಮಾಡುವ ದಿನಗಳಿಗೆಂದು ಆ ಜಿಲ್ಲೆಯ ಕೋಷ್ಟಕವನ್ನು ಪ್ರಿಂಟ್ ಮಾಡಿಸಿ ಎದೆಗವಚಿಕೊಂಡು ನಿಂತಿದ್ದೆ. ಅವರು ಕನ್ನಡಕ ಮೇಲಕ್ಕೆತ್ತಿ ಕಾಗದದ ಹತ್ತಿರಕ್ಕೆ ಬಗ್ಗಿದರು. ಇದೇನಪ್ಪಾ ಈ ಮುದುಕ, ಎಂದು ನಾನು ಹಿಂದೆ ಸರಿದೆ. ಅವರು ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದು ನಮ್ಮ ಕೌಂಟಿ" ಎಂದರು. ಅವರ ಮಹಡಿ ಬಂತು, ಬಾಗಿಲು ತೆರೆದು ಮುಚ್ಚಿತು. ಅವರು ಇಳಿಯಲೇ ಇಲ್ಲ.

ಆಮೇಲೆ ಮೂರು ಭಾನುವಾರಗಳಲ್ಲಿ ವಿಷಯ ಹೊರಬಿತ್ತು. ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಇಬ್ಬರಿಗೂ ಕಲಿತ ಭಾಷೆಯಾದ್ದರಿಂದ ಮಾತು ನಿಧಾನವಾಗಿ, ಸರಿಯಾಗಿ ನಡೆಯುತ್ತಿತ್ತು. ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ, ಅವರು ನನ್ನನ್ನು ಮ್ಯಾಪ್ ಲೇಡಿ ಎಂದು ತಮಾಷೆ ಮಾಡುತ್ತಿದ್ದರು. ಹತ್ತು ವರ್ಷದವರಿದ್ದಾಗ ಚಿಕ್ಕಪ್ಪ ಅವರನ್ನು ಊರಿನಿಂದ ಕರೆದುಕೊಂಡು ಹೊರಟ. ನಾಲ್ಕು ವರ್ಷದ ತಂಗಿ ಅಲ್ಲೇ ಉಳಿದಳು. ಮುಂದೆ ಹಾಂಗ್‌ಕಾಂಗ್, ಆಮೇಲೆ ಸಿಡ್ನಿ. ಮೊದಮೊದಲು ಊರಿಗೆ ಕಾಗದ ಬರೆಯಲು ಭಯ, ಆಮೇಲೆ ನಾಚಿಕೆ, ಆಮೇಲೆ ವಿಳಾಸವೇ ಇಲ್ಲ. ಸಾಯುವ ಮೊದಲು ತಂಗಿ ಇದ್ದಾಳೋ ಇಲ್ಲವೋ ತಿಳಿಯಬೇಕು ಎಂಬುದೊಂದೇ ಅವರಿಗೆ ಉಳಿದಿದ್ದ ಆಸೆ. ಕೈಯಲ್ಲಿದ್ದದ್ದು ಕೌಂಟಿಯ ಹಳೆಯ ಹೆಸರು ಮತ್ತು ಹಳ್ಳಿಯ ಹೆಸರು, ಎರಡೇ. ಹಳ್ಳಿಯ ಹೆಸರಿನ ಅರ್ಥ ಕಲ್ಲುಸೇತುವೆ. ಚೀನಾದಲ್ಲಿ ಕಲ್ಲುಸೇತುವೆ ಎಂಬ ಹಳ್ಳಿಗಳು ನಮ್ಮಲ್ಲಿನ ಹೊಸೂರುಗಳಷ್ಟೇ ಇವೆ.

ನಾನು ಲ್ಯಾಪ್‌ಟಾಪ್ ತೆರೆದೆ. ಕೌಂಟಿಯ ಹಳೆಯ ಹೆಸರು ಹಾಕಿದೆ, ಬಾಣ ಜಿಲ್ಲೆಗೆ ಹೋಯಿತು. ಜಿಲ್ಲೆಯೊಳಗೆ ಹುಡುಕಿದೆ, ಒಂದೇ ಒಂದು ಕಲ್ಲುಸೇತುವೆ ಸಿಕ್ಕಿತು.

"ಸಿಕ್ಕಿತು ಅಂಕಲ್," ಎಂದೆ.

ಅವರು ಎದ್ದು ನಿಂತರು, ಮತ್ತೆ ಕೂತರು. ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದರು. ಅಷ್ಟು ಸಂತೋಷವನ್ನು ಎದುರಿಗೇ ನೋಡುತ್ತಿದ್ದರೂ ನನಗೆ ಏನೂ ಅನ್ನಿಸಲಿಲ್ಲ. ಒಂದು ಸಾಲು ಮುಗಿಯಿತು ಅನ್ನಿಸಿತು. ಅವರು ಅಲ್ಲೇ ಕೂತು ಊರಿನ ಮಾತು ಶುರು ಮಾಡಿದರು. ಸಂತೆಗೆ ಅಮ್ಮನ ಜೊತೆ ದೋಣಿಯಲ್ಲಿ ಹೊಳೆ ದಾಟಿ ಕೌಂಟಿಯ ಪೇಟೆಗೆ ಹೋಗುತ್ತಿದ್ದದ್ದು, ದೋಣಿ ನಡೆಸುವವನಿಗೆ ಒಂದು ಕಿವಿ ಇಲ್ಲದಿದ್ದದ್ದು. ನಾನು ಹೂಂಗುಟ್ಟಿದೆ. ನನ್ನ ಕೋಷ್ಟಕದಲ್ಲಿ ದೋಣಿಗೆ ಕಾಲಂ ಇರಲಿಲ್ಲ.

ಅವರು ಎರಡು ಹಾಳೆ ಕಾಗದ ಬರೆದು ಹಳ್ಳಿಯ ಸಮಿತಿಗೆ ಹಾಕಿದರು. ಚೀನಾದ ವಿಳಾಸ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತದೆ. ಪ್ರಾಂತ್ಯ, ನಗರ, ಜಿಲ್ಲೆ, ಹೋಬಳಿಯಂಥದ್ದೊಂದು, ಕೊನೆಗೆ ಹಳ್ಳಿ. ಉತ್ತರ ಬರಲಿಲ್ಲ. ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಅವರು ಕೆಳಗಿಳಿದು ಲೆಟರ್‌ಬಾಕ್ಸ್ ತೆರೆದು ನೋಡುತ್ತಿದ್ದರು. ಒಂದು ತಿಂಗಳು, ಎರಡು ತಿಂಗಳು, ಮೂರು, ನಾಲ್ಕು. "ಹಳ್ಳಿಯವರು, ನಿಧಾನ," ಎನ್ನುತ್ತಿದ್ದರು ಮೊದಮೊದಲು. ಆಮೇಲೆ ಅದನ್ನೂ ಹೇಳುವುದನ್ನು ಬಿಟ್ಟರು. ಲಿಫ್ಟಿನಲ್ಲಿ ಸಿಕ್ಕರೆ ಹವಾಮಾನದ ಮಾತು.

ತಿಂಗಳಿಗೊಮ್ಮೆ ನಾನು ಮಗಳನ್ನು ನೋಡಲು ಮೆಲ್ಬರ್ನಿಗೆ ಹೋಗುತ್ತೇನೆ. ಕ್ಲೈಡ್ ನಾರ್ತ್‌ನ ಆ ಮನೆಯಲ್ಲಿ ಈಗ ನಾನು ಅತಿಥಿ. ಚಪ್ಪಲಿ ಎಲ್ಲಿ ಬಿಡಬೇಕೆಂದು ಒಂದು ಕ್ಷಣ ಯೋಚಿಸುತ್ತೇನೆ. ಆ ಸಲ ಶನಿವಾರ ಮಧ್ಯಾಹ್ನ ನನ್ನ ಗಂಡ, ಈಗ ಗಂಡನಲ್ಲ, ಊಟದ ಟೇಬಲ್ಲಿನ ಮೇಲೆ ಮಗಳ ಫಾರ್ಮ್ ತುಂಬುತ್ತಿದ್ದ. ಅವನು ಹುಬ್ಬಳ್ಳಿಯವನು. ಎಷ್ಟು ವರ್ಷವಾದರೂ ಮನೆಯೊಳಗೆ ಆ ಮಾತು ಬಿಟ್ಟಿಲ್ಲ. ತಾಯಿಯ ವಿವರದ ಸಾಲಿಗೆ ಬಂದವನು ನನ್ನ ಕಡೆ ತಿರುಗಿದ.

"ಏ, ನಿನ್ನ ಬರ್ತ್ ಪ್ಲೇಸ್ ಡಿಸ್ಟ್ರಿಕ್ಟ್ ಏನ್ ಬರೀಲಿ? ಪಾಸ್‌ಪೋರ್ಟ್‌ನ್ಯಾಗ ಧಾರವಾಡ ಅಂತ ಐತಿ. ಊರು ಈಗ ಗದಗ ಜಿಲ್ಲಾಕ್ಕ ಹೋಗೇತಲ್ಲ."

"ಪಾಸ್‌ಪೋರ್ಟ್‌ನ್ಯಾಗ ಇದ್ದದ್ದು ಬರಿ," ಎಂದೆ.

"ಹಂಗ ಬರದ್ರ ಅವ್ರು ಧಾರವಾಡದಾಗ ನಿಮ್ಮೂರು ಹುಡುಕ್ತಾರ. ಎಲ್ಲಿ ಸಿಗತೈತಿ ಅದು?"

"ಡ್ಯಾಡ್, ಇಟ್ಸ್ ಜಸ್ಟ್ ಅ ಫಾರ್ಮ್," ಎಂದಳು ಮಗಳು ಫೋನಿನಿಂದ ತಲೆಯೆತ್ತದೆ.

ನನ್ನ ಕೈಯಲ್ಲಿ ಚಹಾದ ಕಪ್ ಇತ್ತು. ಅದನ್ನು ಟೇಬಲ್ಲಿನ ಮೇಲಿಟ್ಟೆ. ಧಾರವಾಡ ಜಿಲ್ಲೆಯನ್ನು ಒಡೆದಾಗ ಧಾರವಾಡ ಎಂಬ ಹೆಸರು ಧಾರವಾಡದ ಹತ್ತಿರವೇ ಉಳಿಯಿತು, ನಮ್ಮ ಊರು ಮಾತ್ರ ಇನ್ನೊಂದು ತುಂಡಿನ ಜೊತೆ ಹೋಯಿತು. ಹೆಸರು ಹೋದ ಕಡೆಗೇ ಊರೂ ಹೋಗಬೇಕೆಂದಿಲ್ಲ. ಈ ಜಗತ್ತಿನಲ್ಲಿ ಯಾರಿಗಾದರೂ ಇದು ಗೊತ್ತಿರಬೇಕಾಗಿದ್ದರೆ ಅದು ನನಗೆ. ಮುದುಕರ ಅಮ್ಮ ದೋಣಿಯಲ್ಲಿ ಹೊಳೆ ದಾಟಿ ಪೇಟೆಗೆ ಹೋಗುತ್ತಿದ್ದಳು. ಪೇಟೆ ದಕ್ಷಿಣದ ದಡದಲ್ಲಿತ್ತು. ಹಾಗಿದ್ದರೆ ಅವರ ಹಳ್ಳಿ ಉತ್ತರದ ದಡದ್ದು, ಪಕ್ಕದ ಕೌಂಟಿಗೆ ಕೊಟ್ಟುಬಿಟ್ಟ ಗುಡ್ಡದ ಹಳ್ಳಿಗಳಲ್ಲೊಂದು. ನಾವು ಬರೆದದ್ದು ಯಾವುದೋ ಬೇರೆ ಕಲ್ಲುಸೇತುವೆಗೆ.

ಮಗಳ ರೂಮಿಗೆ ಹೋಗಿ ಲ್ಯಾಪ್‌ಟಾಪ್ ತೆರೆದೆ. ಪಕ್ಕದ ಕೌಂಟಿಯಲ್ಲಿ ಹುಡುಕಿದೆ. ಹೊಳೆಗೆ ತೀರ ಹತ್ತಿರ, ಗುಡ್ಡದ ಬುಡದಲ್ಲಿ, ಇನ್ನೊಂದು ಕಲ್ಲುಸೇತುವೆ ಇತ್ತು. ಗುಡ್ಡದ ಹಳ್ಳಿಗಳ ವಿಷಯದ ಒಂದು ಸಾಲಿನ ಟಿಪ್ಪಣಿ ಮೂಲ ಕೋಷ್ಟಕದಲ್ಲಿತ್ತು. ಬಾಣ ಎಳೆಯುವಾಗ ಅದನ್ನು ತೆಗೆದುಹಾಕಿದ್ದವಳು ನಾನೇ.

ಸೋಮವಾರ ಅವರ ಬಾಗಿಲು ತಟ್ಟಿದೆ. ಎಲ್ಲ ಹೇಳಬೇಕೆಂದೇ ಇಳಿದು ಹೋಗಿದ್ದೆ. ಬಾಯಿಂದ ಬಂದದ್ದು ಬೇರೆ.

"ಇನ್ನೊಂದು ವಿಳಾಸ ಸಿಕ್ಕಿದೆ ಅಂಕಲ್. ಅಲ್ಲಿಗೂ ಒಂದು ಬರೆದು ನೋಡೋಣ."

"ಮೊದಲನೆಯದು ತಪ್ಪೇ?"

"ಗೊತ್ತಿಲ್ಲ," ಎಂದೆ. ಸುಳ್ಳು ಹೇಳುವುದು ಇಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಗಬೇಕಿತ್ತು, ಅದೂ ಆಗಲಿಲ್ಲ.

ಎರಡನೆಯ ಕಾಗದ ಹಾಕಿದ ಐದನೆಯ ವಾರಕ್ಕೆ ಉತ್ತರ ಬಂತು. ಅವರು ಲಕೋಟೆ ಒಡೆಯದೆ ಮಧ್ಯಾಹ್ನದವರೆಗೆ ಕಾದು, ನಾನು ಮನೆಯಲ್ಲಿರುವ ದಿನವೆಂದು ನೆನಪಿಸಿಕೊಂಡು ನನ್ನನ್ನು ಕರೆದರು. ಅವರ ಮನೆಯ ಟೇಬಲ್ಲಿನ ಮುಂದೆ ಇಬ್ಬರೂ ಕೂತೆವು. ಅವರು ಒಂದೊಂದು ಸಾಲು ಓದಿ ಇಂಗ್ಲಿಷಿನಲ್ಲಿ ಹೇಳುತ್ತ ಹೋದರು. ಬರೆದವನು ತಂಗಿಯ ಮೊಮ್ಮಗ. ಅಜ್ಜಿ ಅದೇ ಹಳ್ಳಿಯಲ್ಲಿ ಬಾಳಿದಳು, ಮೂವರು ಮಕ್ಕಳು. ತನಗೊಬ್ಬ ಅಣ್ಣ ಇದ್ದಾನೆ, ದಕ್ಷಿಣಕ್ಕೆ ಹೋದ ಎಂದು ಹೇಳುತ್ತಿದ್ದಳು. ಈ ವರ್ಷ ಜ್ವರ ಬಂದು ಎದೆಗಿಳಿದು ತೀರಿಕೊಂಡಳು. ಅವನು ದಿನಾಂಕವನ್ನೂ ಬರೆದಿದ್ದ.

ಅಂಕಲ್ ದಿನಾಂಕವನ್ನು ಓದಿ ಮುಂದಿನ ಸಾಲಿಗೆ ಹೋದರು. ನನ್ನಿಂದ ಹೋಗಲಾಗಲಿಲ್ಲ. ನಮ್ಮ ಮೊದಲ ಕಾಗದ ತಪ್ಪು ದಡ ಮುಟ್ಟಿದ ಮೇಲೂ ಆಕೆ ಹನ್ನೊಂದು ವಾರ ಬದುಕಿದ್ದಳು. ಹೆಚ್ಚೆಂದರೆ ಒಂದು ವಾರ ಆಚೆ ಈಚೆ.

ಮೊಮ್ಮಗನ ಕಾಗದ ಒಂದು ಪ್ರಶ್ನೆಯಲ್ಲಿ ಮುಗಿದಿತ್ತು. ಅಂಕಲ್ ಅದನ್ನು ಎರಡು ಸಲ ಓದಿದರು.

"ಅಜ್ಜಿ ಇರುವಾಗ ಯಾಕೆ ಬರೆಯಲಿಲ್ಲ ಅಂತ ಕೇಳಿದ್ದಾನೆ," ಎಂದರು. "ಏನು ಬರೆಯಲಿ?"

ಆಗ ಹೇಳಿದೆ. ಬಾಣದ ವಿಷಯ, ಟಿಪ್ಪಣಿ ತೆಗೆದ ವಿಷಯ, ದೋಣಿಯ ಮಾತನ್ನು ಕೇಳಿಯೂ ಕೇಳದ ಹಾಗಿದ್ದದ್ದು, ಮೆಲ್ಬರ್ನಿನಲ್ಲಿ ಗೊತ್ತಾಗಿಯೂ ಸುಳ್ಳು ಹೇಳಿದ್ದು. ಹನ್ನೊಂದು ವಾರವನ್ನೂ ಹೇಳಿದೆ. "ನೀವು ಬರೆದಿದ್ದಿರಿ, ಮೇಲಿನ ಮಹಡಿಯ ಹೆಂಗಸು ಅದನ್ನು ತಪ್ಪು ಹಳ್ಳಿಗೆ ಕಳಿಸಿದಳು ಅಂತ ಬರೆಯಿರಿ ಅಂಕಲ್. ಅದು ನಿಜ."

ಅವರು ಬೈಯಲಿಲ್ಲ. ಎದ್ದು ಕಿಟಕಿ ಮುಚ್ಚಿದರು. ಹೊರಗೆ ಯಾರೋ ಎಲೆ ಊದುವ ಮಷೀನ್ ಓಡಿಸುತ್ತಿದ್ದರು. ಆಮೇಲೆ ಹಾಳೆ ಎಳೆದುಕೊಂಡು ಬರೆಯತೊಡಗಿದರು. ಮೇಲಿಂದ ಕೆಳಕ್ಕೆ ಅಕ್ಷರಗಳು ತುಂಬುತ್ತ ಹೋದವು. ನನಗೆ ಗುರುತು ಸಿಕ್ಕಿದ್ದು ಎರಡೋ ಮೂರೋ. ಹೊಳೆ ಎಂಬ ಅಕ್ಷರ ಇರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು.

"ಏನು ಬರೆದಿರಿ?" ಎಂದು ಕೇಳಿದೆ.

"ತಡ ಮಾಡಿದೆ, ತಪ್ಪು ನನ್ನದು, ಅಂತ."

"ಅಂಕಲ್, ಅದು ಸರಿಯಲ್ಲ."

"ಮ್ಯಾಪ್ ಲೇಡಿ," ಎಂದರು, ಹಾಳೆಯಿಂದ ತಲೆಯೆತ್ತದೆ. "ಸುಮ್ಮನೆ ಕೂತದ್ದು ಎಪ್ಪತ್ತೆಂಟು ವರ್ಷ. ಅದರಲ್ಲಿ ಹನ್ನೊಂದು ವಾರ ನಿಮ್ಮದು. ಉಳಿದದ್ದೆಲ್ಲ ನನ್ನದು."

ನನಗೆ ಅಳು ಬಂತು. ಮೂಗು ಸೋರುವಂಥ, ಮುಖ ಸೊಟ್ಟಗಾಗುವಂಥ ಅಳು, ಎರಡು ವರ್ಷದಲ್ಲಿ ಒಮ್ಮೆಯೂ ಬಾರದ್ದು. ಯಾರಿಗಾಗಿ ಬಂತೆಂದು ಗೊತ್ತಾಗಲಿಲ್ಲ. ಅವರ ತಂಗಿಗಾಗಿಯೋ, ಫೋನಿನಿಂದ ತಲೆಯೆತ್ತದ ನನ್ನ ಮಗಳಿಗಾಗಿಯೋ. ಅವರು ಸಮಾಧಾನ ಹೇಳಲು ಬರಲಿಲ್ಲ. ಹಾಳೆಯನ್ನು ಮೂರು ಮಡಿಕೆ ಮಾಡಿ ಲಕೋಟೆಗೆ ಹಾಕಿ ಅಂಟು ಹಚ್ಚುತ್ತಿದ್ದರು.