ಅರಿಶಿನದ ವೈರು, ಕುಂಕುಮದ ವೈರು

ನ್ಯಾಮತಿ ಬಸ್ ಸ್ಟ್ಯಾಂಡಿನ ಹಿಂದೆ ಚಿತ್ತಪ್ಪನ ಆಟೋ ಎಲೆಕ್ಟ್ರಿಕ್ ಅಂಗಡಿ. ಕಣ್ಣು ಕಟ್ಟಿ ಬಿಟ್ಟರೂ ವೈರಿಂಗ್ ಮಾಡ್ತಾನೆ ಎಂದು ಊರವರು ಅವನನ್ನು ಹೊಗಳುತ್ತಿದ್ದರು. ಅರವತ್ಮೂರರ ವಯಸ್ಸಿನಲ್ಲಿ ಆ ಹೊಗಳಿಕೆಯೇ ಉರುಳಾಗಿತ್ತು. ಎರಡು ವರ್ಷದಿಂದ ಕಣ್ಣಿಗೆ ಪೊರೆ. ಬಣ್ಣಗಳೆಲ್ಲ ಕೆಸರು ಕಲಸಿದ ಹಾಗೆ ಕಾಣುತ್ತಿದ್ದವು. ಹೆಂಡತಿ ಕರಿಬಸಮ್ಮನಿಗೂ ಹೇಳಿರಲಿಲ್ಲ. ಹೇಳಿದರೆ ಈ ಅಂಗಡಿಗೆ ಗಾಡಿ ತರುವವರು ಯಾರು?

ಹೋದ ತಿಂಗಳು ಕತ್ತಲಗೆರೆಯ ದಾಸಪ್ಪನ ಟ್ರ್ಯಾಕ್ಟರಿಗೆ ರೇಡಿಯೊ ಸೆಟ್ ಕೂರಿಸುವಾಗ ತಪ್ಪು ವೈರಿಗೆ ಕರೆಂಟ್ ಕೊಟ್ಟು, ಭುಸ್ಸನೆ ಹೊಗೆ ಎದ್ದಿತ್ತು. "ಸೆಟ್ಟೇ ಡೂಪ್ಲಿಕೇಟು" ಎಂದುಬಿಟ್ಟ. ಪಾಪ, ದಾಸಪ್ಪ ನಂಬಿ ಹೋದ. ಆ ನಂಬಿಕೆ ಚಿತ್ತಪ್ಪನ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು.

ಇವತ್ತು ಹೊನ್ನಾಳಿಯ ಮಹಾಂತೇಶ ಅವರಪ್ಪನ ಕಾಲದ ಅಂಬಾಸಿಡರ್ ತಂದಿದ್ದ. ಜೊತೆಗೆ ಹೊಸ ರೇಡಿಯೊ ಸೆಟ್ಟು.

"ನಮ್ಮೂರಾಗೆ ಯಾರೂ ಕೈ ಹಾಕಾಕೆ ಒಪ್ಪಲಿಲ್ಲ ಚಿತ್ತಣ್ಣ. ಒಳಗಿನ ವೈರೆಲ್ಲ ಮಾಸಿ ಒಂದೇ ಬಣ್ಣ ಆಗ್ಯಾವಂತೆ" ಎಂದು ಹೇಳಿ ಎದುರಿನ ಹೋಟೆಲಿಗೆ ಟೀ ಕುಡಿಯಲು ಹೋದ.

ಚಿತ್ತಪ್ಪನಿಗೆ ನಗು ಬಂತು. ಈ ಒಂದು ಕಾರಿನ ಮುಂದೆ ಎಲ್ಲರೂ ತನ್ನಂತೆಯೇ ಕುರುಡರು! ಡ್ಯಾಷ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ, ಟೆಸ್ಟ್ ಬಲ್ಬು ಹಚ್ಚಿ, ಸದಾ ಕರೆಂಟ್ ಇರುವ ಲೈನು ಯಾವುದು, ಕೀ ತಿರುಗಿಸಿದರೆ ಮಾತ್ರ ಬರುವುದು ಯಾವುದು ಎಂದು ಹುಡುಕಿಟ್ಟ. ಬೆನ್ನು ಹಿಡಿದುಕೊಂಡಿತ್ತು. ಆಮೇಲೆ ಹೊಸ ಸೆಟ್ಟಿನ ಹಿಂದಿನ ವೈರುಗಳ ಗೊಂಚಲು ಕೈಗೆ ಬಂತು. ಸದಾ ಕರೆಂಟ್ ಇರುವ ಲೈನಿಗೆ ಹಳದಿ, ಕೀ ಲೈನಿಗೆ ಕೆಂಪು. ಬಾಯಿಪಾಠವೇನೋ ಇತ್ತು, ಆದರೆ ಹತ್ತು ವೈರುಗಳಲ್ಲಿ ಹಳದಿ ಯಾವುದು? ಅಂದಾಜಿನಲ್ಲಿ ಒಂದನ್ನು ಹಿಡಿದ. ದಾಸಪ್ಪನ ಮುಖ ಕಣ್ಣಮುಂದೆ ಬಂತು. ಹಿಡಿದ ವೈರನ್ನು ಬಿಟ್ಟುಬಿಟ್ಟ. ಅವನನ್ನು ದುಡಿಮೆಗಿಂತ ಬಚ್ಚಿಡುವುದೇ ಹೆಚ್ಚು ದಣಿಸಿತ್ತು.

ಊಟದ ಡಬ್ಬಿ ತಂದು ಕೂತಿದ್ದ ಹೆಂಡತಿಯನ್ನು ಕರೆದ. "ಇವಳೇ, ಇಲ್ಲಿ ಬಾ. ಇದ್ರಾಗೆ ಹಳದಿ ಯಾವುದು?"

ಕರಿಬಸಮ್ಮ ಏನೂ ಕೇಳಲಿಲ್ಲ. ಕಾರಿನ ಬಾಗಿಲಲ್ಲಿ ಬಗ್ಗಿ ಒಂದೊಂದೇ ವೈರನ್ನು ಅವನ ಬೆರಳಿಗೆ ಕೊಟ್ಟಳು. "ಇದು ಅರಿಶಿನ. ಇದು ಕುಂಕುಮ."

"ನಿಂಗೆ ಗೊತ್ತಿತ್ತಾ?"

"ಉಗಾದಿಗೆ ನನ್ನ ನೀಲಿ ಸೀರೇನ ಕರೀದು ಅಂದ್ರಲ್ಲ, ಆವಾಗ್ಲೇ. ನೀವೇ ಹೇಳ್ಲಿ ಅಂತ ಸುಮ್ನಿದ್ದೆ ಕಣ್ರೀ."

ಉಳಿದ ವೈರುಗಳನ್ನೂ ಅವಳು ಹೇಳಿದಂತೆ ಜೋಡಿಸಿ ಟೇಪು ಸುತ್ತಿದ. ಕೀ ತಿರುಗಿಸಿದರೆ ರೇಡಿಯೊ ಹಾಡಿತು. ಹಾಡು ಕೇಳಿ ಮಹಾಂತೇಶ ಓಡಿ ಬಂದ.

"ಕಣ್ಣು ಕಟ್ಟಿ ಬಿಟ್ರೂ ಮಾಡ್ತೀಯ ಅಂತಾರಲ್ಲ, ಸುಳ್ಳಲ್ಲ ನೋಡು!"

"ಕಣ್ಣು ಕಟ್ಟೇ ಐತೆ ಮಾರಾಯ" ಎಂದ ಚಿತ್ತಪ್ಪ, ಸೀಟು ಹಿಡಿದು ಏಳುತ್ತ. "ಬಣ್ಣ ಹೇಳಿದ್ದು ಇವಳು."

ಮಹಾಂತೇಶನ ನಗು ಅಲ್ಲೇ ನಿಂತಿತು. ಚಿತ್ತಪ್ಪ ರೇಡಿಯೊ ಬಂದ್ ಮಾಡಿ, ತನ್ನ ಮೊಬೈಲನ್ನು ಹೆಂಡತಿಯ ಕೈಗಿಟ್ಟ.

"ಕತ್ತಲಗೆರೆ ದಾಸಪ್ಪಂಗೆ ಫೋನ್ ಹಚ್ಚು. ಅವನ ಸೆಟ್ಟು ಡೂಪ್ಲಿಕೇಟ್ ಆಗಿರ್ಲಿಲ್ಲ."