ಕರ್ಜಗಿಯ ಅಂಗಳದಲ್ಲಿ ನಿಂತ ಜೀವಮಣಿ ಅಕ್ಕೋರು

ಪದವಿ ಮುಗಿಸಿದ ಕ್ರೈಸ್ತ ಯುವಕ ಯುವತಿಯರು ನೌಕರಿಯ ಬೆನ್ನು ಹತ್ತುವ ಮುನ್ನ ಒಂದು ವರ್ಷವನ್ನು ದೇವರ ಹೆಸರಿನಲ್ಲಿ ಮಂದಿಯ ಸೇವೆಗೆ ಮುಡಿಪಿಡಬೇಕೆಂಬ ‘ಸೇವಾ ವರ್ಷ’ದ ಕಲ್ಪನೆ ನಮ್ಮ ನಾಡಿನಲ್ಲಿ ಹಲವೆಡೆ ಹುಟ್ಟಿದೆ, ಹಲವೆಡೆ ಫೋಟೋ ತೆಗೆಸಿಕೊಂಡು ತಣ್ಣಗಾಗಿಯೂ ಹೋಗಿದೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳಲ್ಲಿ ಮಾತ್ರ ಅದು ಕಾಲು ಶತಮಾನ ಉಸಿರು ಹಿಡಿದು ನಿಂತಿದ್ದರೆ, ಹಾಸಿಗೆ ಹಿಡಿದವರ ಮೈ ಒರೆಸಿ, ಗಾಯ ತೊಳೆದು, ಅನಾಥರಾಗಿ ಸತ್ತವರಿಗೆ ನಾಲ್ಕು ಹೆಗಲು ಒದಗಿಸುವ ಕೆಲಸವಾಗಿ ಉಳಿದಿದ್ದರೆ, ಅದರ ಹಿಂದಿನ ಜೀವ ಶ್ರೀಮತಿ ಜೀವಮಣಿ ದೇವಪುತ್ರ ಅವರದು. ಮೂರೂ ಊರಿನ ಮಂದಿಯ ಬಾಯಲ್ಲಿ ಅವರು ಬರೀ ‘ಅಕ್ಕೋರು’.

ಅಭಿನಂದನ ಗ್ರಂಥವೆಂದರೆ ಬೆಲ್ಲದ ಪಾಕ ಸುರಿಯುವುದು ವಾಡಿಕೆ. ಈ ಲೇಖನದಲ್ಲಿ ಆ ಪಾಕ ತೆಳುವಾಗಿದ್ದರೆ ಓದುಗರು ಅಕ್ಕೋರನ್ನೇ ಕೇಳಬೇಕು. “ಕರ್ಜಗಿದ್ದು ಬರೀದಿದ್ರ ನನ್ನ ಬಗ್ಗೆ ಒಂದು ಅಕ್ಷರಾನೂ ಬರೀಬ್ಯಾಡ್ರಿ” ಎಂದು ಸಂಪಾದಕ ಮಂಡಳಿಗೆ ಅವರು ಖಡಾಖಂಡಿತವಾಗಿ ಹೇಳಿದ್ದಾರೆ. ಅಕ್ಕೋರ ಮಾತು ಮೀರಿ ಈ ಭಾಗದಲ್ಲಿ ಯಾರಾದರೂ ಬದುಕಿದ್ದುಂಟೇ!

ರಾಣೇಬೆನ್ನೂರಿನ ಮಿಷನ್ ಕಂಪೌಂಡಿನಲ್ಲಿ, ದವಾಖಾನೆಯ ಕಂಪೌಂಡರರ ಮಗಳಾಗಿ ಹುಟ್ಟಿದ ಅವರು ನರ್ಸಿಂಗ್ ಕಲಿತು, ಹಲವು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದು, ಬಳಿಕ ಚರ್ಚಿನ ಸಭೆಯ ಹಿರಿಯರು ಕೇಳಿಕೊಂಡಾಗ ಸೇವಾ ವರ್ಷದ ಹೊಣೆ ಹೊತ್ತರು. ಜೂನ್ ತಿಂಗಳಲ್ಲಿ ಟ್ರಂಕು, ಗಿಟಾರು, ಚರ್ಮ ಹೊದಿಕೆಯ ಬೈಬಲು ಹಿಡಿದು ಬರುವ ಹುಡುಗರನ್ನು ಮೇ ತಿಂಗಳ ಹೊತ್ತಿಗೆ ಮನುಷ್ಯರನ್ನಾಗಿ ಮಾಡಿ ಕಳಿಸುವುದು ಅವರ ಕೆಲಸವಾಯಿತು. ಬೆಂಗಳೂರಿನಿಂದ ಬಂದ ಒಬ್ಬ ಯುವಕನಿಗೆ ಬೆಡ್‌ಪ್ಯಾನ್ ಕಂಡರೆ ವಾಕರಿಕೆ. ಒಂದು ವಾರ ಅವನ ಪಾಲಿನದನ್ನೆಲ್ಲ ಅಕ್ಕೋರೇ ತೊಳೆದರು. ಎರಡನೆಯ ವಾರ ಅವನ ಕೈಗೆ ಕೊಟ್ಟು, “ದೇವರ ಸೇವಾ ಮಾಡಾಕ ಬಂದೀಯಪ್ಪ, ನಾಳೆಯಿಂದ ಮೂಗು ಮನ್ಯಾಗ ಬಿಟ್ಟು ಬಾ” ಎಂದರು. ಆತ ಈಗ ಎರಡು ಮಕ್ಕಳ ತಂದೆ, ಈ ಗ್ರಂಥದ ಮುಖಪುಟ ಮಾಡಿಸಿಕೊಟ್ಟವನೂ ಆತನೇ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದು, ಎಂಟು ಮಂಚ ಹಾಕಿ, ದಿಕ್ಕಿಲ್ಲದ ರೋಗಿಗಳನ್ನು ಇಟ್ಟುಕೊಳ್ಳಲು ಶುರು ಮಾಡಿದ್ದು ಅವರ ಸೇವೆಯ ದೊಡ್ಡ ಘಟ್ಟ. ಘಾಟಿಗೆ ಕಣ್ಣೀರು ಸುರಿಸುತ್ತಲೇ ಹುಡುಗರು ಅಲ್ಲಿ ವರ್ಷ ಕಳೆಯುತ್ತಿದ್ದರು. ಆ ಮನೆ ಇಂದು ಇಲ್ಲ. ಅದು ಯಾಕೆ ಇಲ್ಲ ಎಂಬುದೇ ಕರ್ಜಗಿಯ ಕಥೆ.

ಮೂರು ವರ್ಷದ ಹಿಂದೆ ಶ್ರಾವಣ ಕಳೆಯುತ್ತಿದ್ದ ದಿನಗಳಲ್ಲಿ, ಬ್ಯಾಡಗಿಯ ಆಟೋ ಚಾಲಕ ಸಲಾವುದ್ದೀನ ಬಸ್ ನಿಲ್ದಾಣದ ಹಿಂದೆ ಬಿದ್ದಿದ್ದ ಒಬ್ಬ ಮುದುಕರನ್ನು ಎತ್ತಿಕೊಂಡು ಬಂದ. ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಜೇಬು ಖಾಲಿ, ಕೊರಳೂ ಖಾಲಿ. ಆಸ್ಪತ್ರೆಯವರು ನೋಡಿ ಕಳಿಸಿದರು, ಪೊಲೀಸರು ಬರೆದುಕೊಂಡರು, ಯಾರೂ ಹುಡುಕಿಕೊಂಡು ಬರಲಿಲ್ಲ. ಅಜ್ಜ ಎಂಬುದೇ ಅವರ ಹೆಸರಾಯಿತು. ಅವರ ಆರೈಕೆಗೆ ನಿಂತವಳು ಉಡುಪಿ ಕಡೆಯಿಂದ ಸೇವಾ ವರ್ಷಕ್ಕೆ ಬಂದಿದ್ದ ಪ್ರಿಯಾಂಕಾ, ಇಪ್ಪತ್ತೊಂದರ ಹುಡುಗಿ, ಪ್ರಾರ್ಥನೆಯಲ್ಲಿ ಎಲ್ಲರಿಗಿಂತ ಮುಂದು, ದುಡಿಮೆಯಲ್ಲೂ ಮುಂದು.

ಅಜ್ಜನಿಗೆ ಒಂದು ರೂಢಿಯಿತ್ತು. ಬೆಳಿಗ್ಗೆ ಮೈ ತೊಳೆಸಿ ಕೂರಿಸಿದೊಡನೆ ಎಡ ಅಂಗೈಯನ್ನು ಬಟ್ಟಲು ಮಾಡಿ ಮುಂದೆ ಹಿಡಿಯುತ್ತಿದ್ದರು. ಉಪ್ಪಿಟ್ಟು ತಂದರೆ ತುಟಿ ಬಿಗಿಯುತ್ತಿದ್ದರು, ದಿನವೆಲ್ಲ ಒತ್ತಾಯಿಸಿದರೆ ನಾಲ್ಕು ಚಮಚ ಗಂಜಿ ಇಳಿಯುತ್ತಿತ್ತು. ಪ್ರಿಯಾಂಕಾ ಬೆಳೆದ ಚರ್ಚಿನಲ್ಲಿ ಹಾಗೆ ಅಂಗೈ ಹಿಡಿಯುವುದು ಯೇಸುವಿನ ದೇಹವೆಂದು ಹಂಚುವ ಪ್ರಭು ಭೋಜನದ ರೊಟ್ಟಿಗಾಗಿ. “ಅಕ್ಕ, ಅಜ್ಜ ನಮ್ಮ ಪ್ರಭುವನ್ನೇ ಕೇಳುವುದು. ದಿನಾ ಕೈ ಚಾಚ್ತಾರೆ” ಎಂದು ಅವಳು ಹಿಗ್ಗಿ ಹೇಳಿದಳು. ಅಂದಿನಿಂದ ಪ್ರಾರ್ಥನೆ ಮಾಡಿ ಒಂದು ಚೂರು ರೊಟ್ಟಿಯನ್ನು ಆ ಅಂಗೈಯಲ್ಲಿಡತೊಡಗಿದಳು. ಅಜ್ಜ ಅದನ್ನು ನೋಡಿ ಕಣ್ಣೀರಿಡುತ್ತಿದ್ದರು. ಅದು ಭಕ್ತಿಯ ಕಣ್ಣೀರೆಂದೇ ಅವಳು ತಿಳಿದಳು.

ಅಕ್ಕೋರು ಒಂದು ದಿನ ಬಾಗಿಲಲ್ಲಿ ನಿಂತು ನೋಡಿದರು. ಅಜ್ಜ ಅಂಗೈಯನ್ನು ಬಾಯಿಗಲ್ಲ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಿದ್ದರು, ದೃಷ್ಟಿ ಅಲ್ಲಿಯೇ ನೆಟ್ಟಿತ್ತು. ಎಲ್ಲೋ ನೋಡಿದ್ದೇನಲ್ಲ ಎಂದು ಅವರ ಮನಸ್ಸು ಚುರುಕ್ಕೆಂದಿತು. ಅಷ್ಟರಲ್ಲಿ ಹಾವೇರಿಯ ಜಿಲ್ಲಾಸ್ಪತ್ರೆಯಿಂದ ಫೋನು ಬಂತು, ಅಕ್ಕೋರು ಬಸ್ ಹಿಡಿದರು, ಆ ಯೋಚನೆ ಕೆಲಸದ ಅಡಿಯಲ್ಲಿ ಸಿಕ್ಕು ಹೋಯಿತು. ಅಜ್ಜ ದಿನದಿಂದ ದಿನಕ್ಕೆ ಸೊರಗಿ ದಸರೆ ಮುಗಿದ ಮೇಲೆ ತೀರಿಕೊಂಡರು. ವೈದ್ಯರು ಎರಡನೆಯ ಸಲ ಲಕ್ವಾ ಹೊಡೆದದ್ದೆಂದರು. ಪಂಚನಾಮೆಯಾಯಿತು, ಶವಾಗಾರದಲ್ಲಿಟ್ಟು ಕಾಯುವಷ್ಟು ಕಾದದ್ದೂ ಆಯಿತು. ಅಜ್ಜ ನಮ್ಮವರೇ ಆಗಿದ್ದರೆಂದು ಪ್ರಿಯಾಂಕಾ ಅಳುತ್ತ ಹೇಳಿದ್ದರಿಂದ, ಅಕ್ಕೋರು ಹೂಂ ಅಂದದ್ದರಿಂದ, ಕ್ರೈಸ್ತ ಸ್ಮಶಾನದಲ್ಲಿ ಪೆಟ್ಟಿಗೆಯಲ್ಲಿ ಮಲಗಿಸಿ, ಹಾಡು ಹಾಡಿ ಹೂಳಿ, ತಲೆಯ ಕಡೆ ಶಿಲುಬೆ ನೆಟ್ಟರು.

ತಿಂಗಳು ಕಳೆದಿರಬೇಕು, ಅದೇ ಸಲಾವುದ್ದೀನನ ಆಟೋದಲ್ಲಿ ಕರ್ಜಗಿಯ ಶಾರದವ್ವ ಮತ್ತು ಅವರ ಮೈದುನನ ಮಗ ಶಂಭುಲಿಂಗ ಬಂದಿಳಿದರು. ಶಾರದವ್ವನವರ ಪತಿ ಪ್ರಭುಲಿಂಗಪ್ಪನವರು ಮರೆವಿನ ಮನುಷ್ಯ. ಹೊಳೆದಂಡೆಯ ಐರಣಿಯಲ್ಲಿರುವ ತಂಗಿಯ ಮನೆಗೆಂದು ಹೊರಟವರು ಅಲ್ಲಿಗೆ ತಲುಪಿರಲಿಲ್ಲ. ಹೊಳೆಗೆ ಬಿದ್ದಿರಬೇಕೆಂದು ಮನೆಯವರು ತುಂಗಭದ್ರೆಯ ದಂಡೆಯ ಊರುಗಳನ್ನೆಲ್ಲ ಜಾಲಾಡಿದ್ದರು, ಬ್ಯಾಡಗಿಯ ಹೆಸರು ಯಾರ ತಲೆಗೂ ಹೊಳೆದಿರಲಿಲ್ಲ. ಬೇರೆ ಕೆಲಸಕ್ಕೆ ಬ್ಯಾಡಗಿಗೆ ಬಂದು ಆಟೋ ಹತ್ತಿದ ಶಂಭುಲಿಂಗ, ಮಾತಿಗೆ ಮಾತು ಬಂದು ಫೋಟೋ ತೋರಿಸಿದಾಗ ಸಲಾವುದ್ದೀನ ಗಾಡಿ ನಿಲ್ಲಿಸಿಬಿಟ್ಟಿದ್ದ. ಮರುದಿನವೇ ದೊಡ್ಡವ್ವನನ್ನು ಕರೆದುಕೊಂಡು ಶಂಭುಲಿಂಗ ಮರಳಿ ಬಂದಿದ್ದ.

ಅಕ್ಕೋರು ಸಾವಿನ ಸುದ್ದಿ ಹೇಳಿದರು. ಶಾರದವ್ವ ಮೊದಲು ಕೇಳಿದ್ದು, “ಅವರ ಲಿಂಗ ಎಲ್ಲಿ ಐತ್ರಿ?”

“ಬರೂವಾಗ ಕೊರಳಾಗ ಏನೂ ಇರಲಿಲ್ಲವ್ವ.”

“ಲಿಂಗ ಇಡೂ ಬೆಳ್ಳಿ ಕರಡಿಗಿ ಕೊರಳಾಗ ಇತ್ರಿ. ಯಾವನೋ ಹರಕೊಂಡಾನ. ಹಂಗಾದ್ರ ಮುಂಜಾನಿ ಅವರು ಏನ ಮಾಡತಿದ್ರು?”

ಪ್ರಿಯಾಂಕಾ ತನ್ನ ಎಡ ಅಂಗೈಯನ್ನು ಬಟ್ಟಲು ಮಾಡಿ ಎತ್ತಿ ತೋರಿಸಿದಳು. ಶಾರದವ್ವ ಆ ಅಂಗೈಯನ್ನೇ ನೋಡಿದರು.

“ಅಯ್ಯೋ ಶಿವನ! ಖಾಲಿ ಕೈ ನೋಡಿಕೊಂತ ಕುಂತಿದ್ರನ? ಪೂಜಾ ಆಗಲಾರದ ಅವರು ನೀರೂ ಮುಟ್ಟತಿರಲಿಲ್ರಿ. ನೀವು ಉಣಸಾಕ ಹೋದ್ರ ಬಾಯಿ ಹ್ಯಾಂಗ ತೆಗೀತಾರ? ಈ ಹುಡಿಗಿಗೆ ತಿಳೀಲಿಲ್ಲ, ಪಾಪ, ದೂರದಾಕಿ. ನೀವು ಇದ ಸೀಮ್ಯಾಗ ಹುಟ್ಟಿದಾಕಿ ಅಲ್ಲೇನ್ರಿ? ನಿಮಗ ತಿಳೀಲಿಲ್ಲನ?”

ಅಕ್ಕೋರಿಗೆ ಆ ಗಳಿಗೆಯಲ್ಲಿ ನೆನಪಾಯಿತು. ಬಾಲ್ಯದಲ್ಲಿ ಕಂಪೌಂಡಿನಾಚೆ ಲಿಂಗಾಯತ ಗೌಡರ ಮನೆಯ ಗೌಡಶಾನಿಯೊಬ್ಬರು ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಕೂತದ್ದನ್ನು ಕಿಟಕಿಯಿಂದ ಇಣುಕಿ ನೋಡಿ ಬೈಸಿಕೊಂಡಿದ್ದರು. “ತಿಳೀಬೇಕಿತ್ತವ್ವ. ನೋಡಿಯೂ ಬಿಟ್ಟೆ. ತಪ್ಪು ನಂದು” ಎಂದರು. ಲಿಂಗೈಕ್ಯರಾದವರನ್ನು ಕೈಯಲ್ಲಿ ಲಿಂಗವಿಟ್ಟು ಕೂರಿಸಿ ಸಮಾಧಿ ಮಾಡುವ ಮನೆತನದ ಯಜಮಾನರನ್ನು ಶಿಲುಬೆಯಡಿ ಮಲಗಿಸಿದ್ದೇವೆಂಬುದನ್ನೂ ತಮ್ಮ ಬಾಯಿಂದಲೇ ಹೇಳಿದರು. “ಅವರನ್ನ ಕುಂದರಸಬೇಕ್ರಿ, ನನಗ ಬ್ಯಾರೆ ಏನೂ ಬ್ಯಾಡ” ಎಂದು ಹೇಳಿ ಶಾರದವ್ವ ಹೊರಟುಹೋದರು.

ಸಂಜೆ ಸೇವಾ ವರ್ಷದ ಸಮಿತಿಯ ತುರ್ತು ಸಭೆ. ಊರಲ್ಲಿ ಆಗಲೇ ಮತಾಂತರದ ಗುಲ್ಲು ಎದ್ದಿತ್ತು. ಹಿರಿಯರೊಬ್ಬರು ನಯವಾಗಿ ದಾರಿ ತೋರಿಸಿದರು: “ಅಜ್ಜನ ಕೈ ಚಾಚಿ ಪ್ರಭುವಿನ ರೊಟ್ಟಿ ಕೇಳಿದ್ರು ಅಂತ ಹೇಳಿಬಿಡ್ರಿ ಅಕ್ಕೋರ. ಪ್ರಿಯಾಂಕಾನೂ ಹಂಗ ತಿಳಕೊಂಡಿದ್ಲಲ್ಲ, ಪೂರಾ ಸುಳ್ಳೇನ ಆಗೂದಿಲ್ಲ. ಇಲ್ಲಾಂದ್ರ ಮನಿನೂ ಹೋಗತೈತಿ, ಸೇವಾ ವರ್ಷಾನೂ ಹೋಗತೈತಿ.”

“ಹೋದ್ರ ಹೋಗ್ಲಿ. ಅವರು ಕೇಳಿದ್ದು ನಮ್ಮ ರೊಟ್ಟಿ ಅಲ್ಲ” ಎಂದರು ಅಕ್ಕೋರು. “ಕೇಳಿದ್ರು ಅಂತ ನಾ ಅಂದ್ರ ಅವರನ್ನ ಎರಡನೇ ಸಲ ಹೂಳಿದಂಗ.”

ಮರುದಿನ ಒಬ್ಬರೇ ಕರ್ಜಗಿಯ ಬಸ್ಸು ಹತ್ತಿದರು. ಶಾರದವ್ವನವರ ಅಂಗಳದಲ್ಲಿ ಊರೇ ನೆರೆದಿತ್ತು. ಕುಂದ್ರಿ ಎಂದು ಯಾರೂ ಅನ್ನಲಿಲ್ಲ, ಅಕ್ಕೋರೂ ಕೂರಲಿಲ್ಲ. ಆಡಬಾರದ ಮಾತುಗಳು ಬಂದವು. ಎಲ್ಲವನ್ನೂ ತಲೆ ತಗ್ಗಿಸದೆ, ತಿರುಗಿಸಿ ಒಂದು ಮಾತಾಡದೆ ಕೇಳಿಸಿಕೊಂಡು, ನಡೆದದ್ದನ್ನು ಮೊದಲಿಂದ ಕಡೆಯವರೆಗೆ ಹೇಳಿ, ಅಧಿಕಾರಿಗಳ ಅನುಮತಿಗೆ ತಾವೇ ಓಡಾಡುವುದಾಗಿ ಮಾತು ಕೊಟ್ಟು ಬಂದರು. ಆ ಧೈರ್ಯವನ್ನು ಹೊಗಳಲು ಹೊರಟರೆ ಇಂದಿಗೂ ಅವರು ಸಿಡುಕುತ್ತಾರೆ. ಗಂಡನನ್ನು ಕಳೆದುಕೊಂಡಾಕೆಯ ಮುಂದೆ ಖರೇ ಹೇಳುವುದು ಯಾವ ಸೀಮೆಯ ಧೈರ್ಯ ಎಂದು ಕೇಳುತ್ತಾರೆ.

ಅನುಮತಿ ಬರುವ ಹೊತ್ತಿಗೆ ಇನ್ನಷ್ಟು ವಾರ ಸರಿದಿದ್ದವು. ಶಿಲುಬೆಯನ್ನು ಅಕ್ಕೋರು ತಾವೇ ಕಿತ್ತರು. ಸೇವಾ ವರ್ಷದ ಹುಡುಗರು ಅಧಿಕಾರಿಗಳ ಎದುರು ಮಣ್ಣು ತೆಗೆದರು. ದೇಹವನ್ನು ಕರ್ಜಗಿಗೆ, ಪ್ರಭುಲಿಂಗಪ್ಪನವರ ಸ್ವಂತ ಹೊಲಕ್ಕೆ ಒಯ್ದರು. ಅಲ್ಲಿ ಕೂರಿಸುವುದಕ್ಕೆಂದು ಕುಣಿ ತೋಡಿ, ಬದಿಯಲ್ಲಿ ಗೂಡು ಕೊರೆದು, ವಿಭೂತಿ, ಪತ್ರೆ ಎಲ್ಲ ಸಿದ್ಧ ಮಾಡಿದ್ದರು. ಸಂಸ್ಕಾರಕ್ಕೆ ಬಂದಿದ್ದ ಜಂಗಮರಾದ ರುದ್ರಮುನಿ ಅಯ್ಯನವರು ಬಟ್ಟೆ ಸರಿಸಿ ನೋಡಿ, ಮತ್ತೆ ಮುಚ್ಚಿ, ಶಾರದವ್ವನ ಕಡೆ ತಿರುಗಿದರು.

“ಕುಂದರಸಾಕ ಬರೂದಿಲ್ಲ ತಾಯಿ. ಮಣ್ಣು ತನ್ನ ಕೆಲಸ ಮಾಡೈತಿ.”

ಶಾರದವ್ವ ಅಳಲಿಲ್ಲ. ಕೂರುವವರಿಗಾಗಿ ತೋಡಿದ ಕುಣಿ ಮಲಗುವವರಿಗೆ ಸಾಲದು. ಮತ್ತೆ ಸನಿಕೆ ಹಿಡಿದು ಉದ್ದ ಮಾಡಬೇಕಾಯಿತು. ಒಂದು ಕಡೆ ಶಂಭುಲಿಂಗ, ಇನ್ನೊಂದು ಕಡೆ ಅಕ್ಕೋರ ಹುಡುಗರು ಅಗೆದರು, ಯಾರೂ ಯಾರ ಮುಖ ನೋಡಲಿಲ್ಲ. ಅಯ್ಯನವರು ಹೊಸ ಲಿಂಗವನ್ನು ಎಡ ಅಂಗೈಯ ಜಾಗದಲ್ಲಿಟ್ಟಾಗ ಶಾರದವ್ವ ಅಕ್ಕೋರ ರಟ್ಟೆ ಹಿಡಿದು ಕುಣಿಯ ಅಂಚಿಗೆ ಎಳೆದು ತಂದು, “ನೋಡ್ರಿ, ಹಿಂಗ ಇಡತಾರ” ಎಂದರು. ಅಕ್ಕೋರು ನೋಡಿದರು.

ಆಮೇಲಿನದು ನಾಲ್ಕು ಮಾತು. ಬ್ಯಾಡಗಿಯ ಮನೆಯ ಮಾಲೀಕರು ಮನೆ ಬಿಡಿಸಿಕೊಂಡರು. ಅಲ್ಲಿಂದ ರಾಣೇಬೆನ್ನೂರಿಗೆ ಸಾಗಿಸಿದ ರೋಗಿಗಳಲ್ಲಿ ಇಬ್ಬರು ಬೇಸಿಗೆ ಕಾಣಲಿಲ್ಲ. ಪ್ರಿಯಾಂಕಾ ವರ್ಷ ಮುಗಿಯುವ ಮುನ್ನವೇ ಊರಿಗೆ ಹೊರಟುಹೋದಳು. ಈಗಲೂ ಅಕ್ಕೋರು ಭಾನುವಾರಕ್ಕೊಮ್ಮೆ ಅವಳಿಗೆ ಫೋನು ಮಾಡುತ್ತಾರೆ. “ಚರ್ಚಿನಲ್ಲಿ ಕೈ ಚಾಚಲಿಕ್ಕೆ ಆಗುವುದಿಲ್ಲ ಅಕ್ಕ” ಎಂದು ಅವಳು ಅತ್ತಾಗ ಅವರು ಉಪದೇಶ ಮಾಡಲಿಲ್ಲ. “ಆಗೂತನಕಾ ಚಾಚಬ್ಯಾಡವ್ವ” ಎಂದಷ್ಟೇ ಅಂದರು. ಸೇವಾ ವರ್ಷ ನಿಲ್ಲಲಿಲ್ಲ, ಆದರೆ ಬದಲಾಯಿತು. ಜೂನಿನಲ್ಲಿ ಬಂದವರು ಮೊದಲ ತಿಂಗಳು ಬಾಯಿ ಬಿಟ್ಟು ಪ್ರಾರ್ಥಿಸುವಂತಿಲ್ಲ. ಕಾಗಿನೆಲೆ, ಕರ್ಜಗಿ, ಐರಣಿಯ ಮನೆಗಳಿಗೆ ಹೋಗಿ ಮಂದಿ ಏನು ಉಣ್ಣುತ್ತಾರೆ, ಹೇಗೆ ಕೈ ಮುಗಿಯುತ್ತಾರೆ, ಸತ್ತವರನ್ನು ಏನು ಮಾಡುತ್ತಾರೆ ಎಂದು ಕೇಳಿ ತಿಳಿದು ಬರಬೇಕು. ಹೊಸಬರನ್ನು ಅಕ್ಕೋರು ಮೊದಲು ಕರೆದೊಯ್ಯುವುದು ಆ ಹೊಲಕ್ಕೆ. ಶಾರದವ್ವ ದೂರದಿಂದ ನೋಡುತ್ತಾರೆ, ಬರಬೇಡಿ ಎಂದೂ ಅನ್ನುವುದಿಲ್ಲ, ಬನ್ನಿ ಎಂದೂ ಕರೆಯುವುದಿಲ್ಲ.

ಈ ಮೇ ತಿಂಗಳಿಗೆ ಅಕ್ಕೋರು ನಿವೃತ್ತರಾಗುತ್ತಿದ್ದಾರೆ. ಅವರ ಕಾಲುನೋವು ಕಡಿಮೆಯಾಗಲಿ, ಕಣ್ಣು ಚುರುಕಾಗಿಯೇ ಉಳಿಯಲಿ, ಕೈಯಲ್ಲಿ ಶಕ್ತಿಯಿರುವತನಕ ನಮ್ಮ ಹುಡುಗರನ್ನು ಬೈದು ತಿದ್ದುತ್ತಿರಲಿ ಎಂಬುದು ಜೊತೆಗೆ ದುಡಿದ ನಮ್ಮೆಲ್ಲರ ಪ್ರಾರ್ಥನೆ. ಆಯುಷ್ಯದ ಹಾರೈಕೆಯನ್ನು ಮಾತ್ರ ಬೇರೆಯವರ ಬಾಯಿಂದ ಕೇಳುವುದು ಒಳಿತು. ಈ ಗ್ರಂಥಕ್ಕೆ ಶಾರದವ್ವನವರ ಮಾತು ಬೇಕೇ ಬೇಕೆಂದು ಅಕ್ಕೋರು ಹಠ ಹಿಡಿದದ್ದರಿಂದ ಸಂಪಾದಕರು ಅಳುಕುತ್ತಲೇ ಕರ್ಜಗಿಗೆ ಹೋಗಿದ್ದರು. ಆ ತಾಯಿ ಹೇಳಿದ್ದನ್ನು ಅಕ್ಕೋರ ಅಪ್ಪಣೆಯಂತೆ ಒಂದಕ್ಷರ ಬದಲಿಸದೆ ಇಲ್ಲಿ ಕೊಡಲಾಗಿದೆ:

“ಕ್ಷಮಾ ಗಿಮಾ ನನ್ನ ಬಾಯಾಗ ಬರೂದಿಲ್ರಿ. ಆಕಿ ಬಾಳ ವರ್ಷ ಬದಕಲಿ. ನನಗಿಂತ ಹೆಚ್ಚ ಬದಕಲಿ. ನಾ ಹೋದ ಮ್ಯಾಲ, ಇವರು ಉಪಾಸ ಕುಂತಿದ್ದನ್ನ ನೆನಸಾಕ ಯಾರರ ಇರಬೇಕಲ್ರಿ.”