ಹೊಸ ಸೌರಫಲಕಕ್ಕೆ ವಿಭೂತಿ

ಗೆಳೆಯರೇ, ಗಜೇಂದ್ರಗಡದ ನಮ್ಮ ಸಂಶೋಧನಾ ಕೇಂದ್ರದಲ್ಲಿ ಇಂದು ಹೊಸ ಸೌರಫಲಕದ ಮೊದಲ ಪರೀಕ್ಷೆ. ನಡುಮಧ್ಯಾಹ್ನದ ಬಿಸಿಲಿದ್ದರೂ ಕರೆಂಟ್ ಅರ್ಧಕ್ಕೇ ನಿಂತಿತು. ವೈರುಗಳನ್ನೆಲ್ಲ ಬಿಚ್ಚಿ ಜೋಡಿಸಿ ಸಾಕಾಗಿ, ಕೊನೆಗೆ ಛಾವಣಿ ಹತ್ತಿದೆ. ಫಲಕದ ಉದ್ದಕ್ಕೂ ಮೂರು ದಪ್ಪ ವಿಭೂತಿ ಪಟ್ಟಿ, ನಡುವೆ ಕುಂಕುಮ, ಮೇಲೆ ಚೆಂಡುಹೂವಿನ ಮಾಲೆ.

ನಮ್ಮಲ್ಲಿ ಕಸ ಗುಡಿಸುವ ಶಾಂತವ್ವನನ್ನು ಕೇಳಿದೆ.

"ಹೊಸಾ ಮಿಷನ್ ಪೂಜಿ ಮಾಡ್ಲಾರದ ಚಾಲೂ ಮಾಡ್ತಾರೇನ್ರಿ ಸರ್? ನೀವು ಮರ್ತಿದ್ರಿ, ನಾ ಮಾಡೀನಿ."

"ಅದಕ್ಕ ಕರೆಂಟ್ ಬರವಲ್ದು ಯವ್ವಾ" ಎನ್ನುತ್ತ ಎಲ್ಲ ಒರೆಸಿ, ಮಾಲೆಯನ್ನು ಪಕ್ಕದ ಕಂಬಕ್ಕೆ ಕಟ್ಟಿದೆ. ಕೆಳಗಿಳಿದು ನೋಡಿದರೆ ಮೀಟರ್ ಸರಸರ ಏರಿದೆ.

ಶಾಂತವ್ವ ಮೀಟರಿಗೆ ಕೈಮುಗಿದಳು. "ನೋಡ್ರಿ, ಪೂಜಿ ಮಾಡಿದ್ದಕ್ಕ ಹ್ಯಾಂಗ ಏರೇತಿ."

ವಾದಿಸಬೇಕೆಂದಿದ್ದೆ. ಅಷ್ಟರಲ್ಲಿ ಪ್ರಸಾದದ ಕೊಬ್ಬರಿ ಬಾಯಿ ಸೇರಿತ್ತು.